ಯಾರಿಗೆ ಬೇಡ ಎಂದು ಮೊದಲು ಕೇಳಿ



ದತ್ತಿ ಉಪನ್ಯಾಸವೆಂದರೆ ಪಂಪನನ್ನೋ ವಚನಗಳನ್ನೋ ಕುರಿತು ಕೇಳಲು ಸಿದ್ಧರಾಗಿ ಬರುವುದು ರೂಢಿ. ನಾನು ಮುಂಬಯಿಯ ಸಾಕಿನಾಕಾದ ಗಲ್ಲಿಯೊಂದರಲ್ಲಿ ದವಾಖಾನೆ ನಡೆಸಿಕೊಂಡು ಬಂದವನು. ನನಗೆ ಗೊತ್ತಿರುವುದನ್ನೇ ಮಾತಾಡುತ್ತೇನೆ ಎಂದೆ, ಪವಾಯಿ ಪರಿಸರದ ಕನ್ನಡ ಸಂಘದವರು ಒಪ್ಪಿದರು. ಬದುಕನ್ನು ತಿದ್ದಿಕೊಳ್ಳಬೇಕೆಂದು ಹೊರಟವರಿಗೆ ಇಂದು ಎಲ್ಲ ಕಡೆಯಿಂದಲೂ ಸಲಹೆಗಳು ಬಂದು ಬೀಳುತ್ತಿವೆ. ಅವುಗಳಲ್ಲಿ ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು, ತೆಗೆದುಕೊಳ್ಳುವ ಮೊದಲು ನಮ್ಮ ಮೈಮನಸ್ಸಿಗೆ ಏನು ಕೊಟ್ಟಿರಬೇಕು ಎಂಬುದು ನನ್ನ ಇಂದಿನ ವಿಷಯ.

ಗುರುತು ಸಿಗದಂತೆ ಒಂದು ಸಂಗತಿ ಹೇಳುತ್ತೇನೆ. ನಲವತ್ತರ ಆಸುಪಾಸಿನ ಹೆಣ್ಣುಮಗಳು. ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ, ಮನೆಯಲ್ಲಿ ಅತ್ತೆ, ಗಂಡ, ಇಬ್ಬರು ಮಕ್ಕಳು. "ಡಾಕ್ಟ್ರೇ, ನನಗೆ ಕಾಯಿಲೆ ಅಂತ ಏನಿಲ್ಲ. ಮನಸ್ಸು ಗಟ್ಟಿ ಇಲ್ಲ ಅಷ್ಟೆ. ಯಾವ ಅಭ್ಯಾಸ ಹಿಡಿದರೂ ನಿಲ್ಲುವುದಿಲ್ಲ. ಏನಾದರೂ ಟಾನಿಕ್ ಇದ್ದರೆ ಬರೆದುಕೊಡಿ" ಎಂದು ಕುಳಿತರು. ಕೈಚೀಲದಿಂದ ಒಂದು ಡೈರಿ ತೆಗೆದು ಮೇಜಿನ ಮೇಲಿಟ್ಟರು. ಪುಟಕ್ಕೆ ಅಚ್ಚುಕಟ್ಟಾಗಿ ಗೆರೆ ಎಳೆದು ಮನೆಗಳನ್ನು ಮಾಡಿದ್ದರು. ಬೆಳಿಗ್ಗೆ ಐದಕ್ಕೆ ಏಳುವುದು, ಮೂರು ಲೀಟರ್ ನೀರು, ಹತ್ತು ಸಾವಿರ ಹೆಜ್ಜೆ, ಧ್ಯಾನ, ಹತ್ತು ಪುಟ ಓದು, ಮಧ್ಯಾಹ್ನದವರೆಗೆ ಉಪವಾಸ. ಮಾಡಿದ್ದಕ್ಕೆ ಹಸಿರು ಪೆನ್ನು, ತಪ್ಪಿದ್ದಕ್ಕೆ ಕೆಂಪು. ತಿಂಗಳ ಕೊನೆಯ ಹೊತ್ತಿಗೆ ಪುಟವೆಲ್ಲ ಕೆಂಪು.

ಮಲಗುವುದು ಎಷ್ಟು ಗಂಟೆಗೆ ಎಂದು ಕೇಳಿದೆ. ಅತ್ತೆಯವರಿಗೆ ಮಾತ್ರೆ ಕೊಟ್ಟು, ಪಾತ್ರೆ ತೊಳೆದು, ಮರುದಿನದ ಡಬ್ಬಿಗೆ ತರಕಾರಿ ಹೆಚ್ಚಿಟ್ಟು ಮಲಗುವಾಗ ಹನ್ನೆರಡೂವರೆ ದಾಟುತ್ತದೆ ಎಂದರು. ಊಟ? ಎಲ್ಲರದೂ ಆದ ಮೇಲೆ ಉಳಿದದ್ದು. ಆ ಡೈರಿಯಲ್ಲಿ ನಿದ್ದೆಗೆ ಒಂದು ಮನೆ ಇರಲಿಲ್ಲ, ಊಟಕ್ಕೂ ಇರಲಿಲ್ಲ. ಕೆಳರೆಪ್ಪೆ ಎಳೆದು ನೋಡಿದೆ, ಬಿಳಿಚಿಕೊಂಡಿತ್ತು. ರಕ್ತಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಎಂಟರ ಹತ್ತಿರ. ಬಸುರಿಯಲ್ಲದ ಹೆಂಗಸಿಗೆ ಅದು ಹನ್ನೆರಡಕ್ಕಿಂತ ಇಳಿದರೆ ರಕ್ತಹೀನತೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಕಬ್ಬಿಣದ ಮಾತ್ರೆಯನ್ನು ಯಾರೋ ಹಿಂದೆಯೇ ಬರೆದುಕೊಟ್ಟಿದ್ದರು. ಇವರು ಅದನ್ನು ಬೆಳಗಿನ ಚಹಾದ ಜೊತೆ ನುಂಗುತ್ತಿದ್ದರು. ಚಹಾದಲ್ಲಿರುವ ಒಗರು ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಲು ಬಿಡುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅವರ ಮನಸ್ಸು ಗಟ್ಟಿಯಾಗಿಯೇ ಇತ್ತು. ಅಷ್ಟು ಕಡಿಮೆ ರಕ್ತದಲ್ಲಿ ಐದಕ್ಕೆ ಎದ್ದು ಮೂರು ಡಬ್ಬಿ ಕಟ್ಟಿ ಘಾಟ್‌ಕೋಪರ್ ಮೆಟ್ರೊದಲ್ಲಿ ನಿಂತುಕೊಂಡು ಹೋಗುವವರಿಗೆ ಮನೋಬಲವಿಲ್ಲ ಎಂದು ಯಾರು ಹೇಳಿಯಾರು? ಕೊರತೆ ಇದ್ದದ್ದು ರಕ್ತದಲ್ಲಿ, ನಿದ್ದೆಯಲ್ಲಿ, ಊಟದಲ್ಲಿ. ಅವರು ಪಾಲಿಸಿದ ಒಂದೊಂದು ಸಲಹೆಯೂ ತನ್ನಷ್ಟಕ್ಕೆ ಒಳ್ಳೆಯದೇ ಇರಬಹುದು. ಆದರೆ 'ತಂಗೀ, ನೀನು ಹೇಗಿದ್ದೀಯ?' ಎಂದು ಅವುಗಳಲ್ಲಿ ಒಂದೂ ಮೊದಲು ಕೇಳಿರಲಿಲ್ಲ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಬೇಗ ಏಳಿ, ಕಡಿಮೆ ತಿನ್ನಿ, ಇನ್ನಷ್ಟು ದುಡಿಯಿರಿ ಎಂದು ಹೆಂಗಸರಿಗೆ ಉಪದೇಶ ಮಾಡುವವರು ಈ ಅಂಕಿಯನ್ನು ಕಣ್ಣೆದುರು ಇಟ್ಟುಕೊಂಡು ಬಾಯಿ ತೆರೆಯಬೇಕು.

ವೈದ್ಯವೃತ್ತಿ ನನಗೆ ಕಲಿಸಿದ ಒಂದು ಕ್ರಮವಿದೆ. ಯಾವುದೇ ಔಷಧ ಬರೆಯುವ ಮೊದಲು ಅದು ಯಾರಿಗೆ ಕೂಡದು ಎಂದು ನೋಡಬೇಕು. ಹೊಟ್ಟೆಹುಣ್ಣು ಇರುವವರಿಗೆ ಬೇಡ, ಬಸುರಿಯರಿಗೆ ಬೇಡ, ಮೂತ್ರಪಿಂಡ ಸೋತವರಿಗೆ ಬೇಡ ಎಂಬ ಪಟ್ಟಿ ಇಲ್ಲದ ಔಷಧವನ್ನು ನಾವು ನಂಬುವುದಿಲ್ಲ. ಬದುಕಿನ ಸಲಹೆಗಳಿಗೂ ಇದೇ ಪರೀಕ್ಷೆ ಒಡ್ಡಿ ಎಂದು ನಿಮ್ಮನ್ನು ಕೇಳಿಕೊಳ್ಳಲು ಬಂದಿದ್ದೇನೆ. ಎಲ್ಲರಿಗೂ, ಎಲ್ಲ ವಯಸ್ಸಿಗೂ, ಎಲ್ಲ ಕಾಲಕ್ಕೂ ಒಳ್ಳೆಯದು ಎಂದು ಹೇಳಿದರೆ ಹೇಳಿದವರಿಗೆ ವಿಷಯ ಪೂರ್ತಿ ಗೊತ್ತಿಲ್ಲ, ಇಲ್ಲವೇ ನಿಮಗೆ ಏನನ್ನೋ ಮಾರಬೇಕಾಗಿದೆ. ಯಾರಿಗೆ ಬೇಡ ಎಂಬುದನ್ನು ತಾವಾಗಿಯೇ ಹೇಳುವವರ ಹತ್ತಿರ ಸ್ವಲ್ಪ ಹೊತ್ತು ಕುಳಿತು ಕೇಳಬಹುದು.

ಇದು ಹೊಸ ಮಾತಲ್ಲ. ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಹಿರಿಯರು ಹೇಳುತ್ತ ಬಂದಿದ್ದಾರೆ, ಈಗ ಮೊಬೈಲಿನಲ್ಲೂ ಅದೇ ಕೇಳಿಸುತ್ತದೆ. ವಾಗ್ಭಟನ ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯ ಆರಂಭವಾಗುವುದೇ ಆ ಮಾತಿನಿಂದ. ಆದರೆ ಅಲ್ಲಿ ಹಾಗೆ ಏಳಬೇಕಾದವನು ಆರೋಗ್ಯವಾಗಿ ಇರುವವನು. ಆ ಷರತ್ತು ವಾಕ್ಯದೊಳಗೇ ಇದೆ. ವ್ಯಾಯಾಮದ ಬಗ್ಗೆ ಹೇಳುವಾಗಲೂ ಬಲವುಳ್ಳವರು, ಜಿಡ್ಡಿನ ಆಹಾರ ತಿನ್ನುವವರು ತಮ್ಮ ಶಕ್ತಿಯ ಅರ್ಧದಷ್ಟು ಮಾತ್ರ ಮಾಡಲಿ ಎನ್ನುತ್ತಾನೆ. ಮಕ್ಕಳು, ಮುದುಕರು, ಅಜೀರ್ಣವಾದವರು ಬಿಡಲಿ ಎಂದೂ ಸೇರಿಸುತ್ತಾನೆ. ನಿದ್ದೆಯ ವಿಚಾರಕ್ಕೆ ಬಂದಾಗ ಅವನ ಮಾತು ಇನ್ನೂ ಮೃದು. ರಾತ್ರಿ ಎಚ್ಚರವಿರಬೇಕಾಗಿ ಬಂದವನು, ಎಷ್ಟು ಹೊತ್ತು ನಿದ್ದೆ ಕೆಟ್ಟಿದೆಯೋ ಅದರ ಅರ್ಧದಷ್ಟು ಹೊತ್ತು ಬೆಳಿಗ್ಗೆ ಊಟಕ್ಕೆ ಮುಂಚೆ ಮಲಗಲಿ ಎನ್ನುತ್ತಾನೆ. ಸಾವಿರ ವರ್ಷಕ್ಕೂ ಹಿಂದಿನ ವೈದ್ಯನೊಬ್ಬ ರಾತ್ರಿ ಪಾಳಿಯವರನ್ನು ನೆನೆದಿದ್ದಾನೆ ಎಂಬುದು ನನಗೆ ಪ್ರತಿಸಲ ಓದಿದಾಗಲೂ ಸಂತೋಷ ಕೊಡುತ್ತದೆ.

ಪವಾಯಿಯಲ್ಲಿ ಆ ಮಾತು ಬೇಕಾದವರು ಬಹಳ ಮಂದಿ. ಅಮೆರಿಕದ ಗಡಿಯಾರಕ್ಕೆ ಕೆಲಸ ಮಾಡುವ ಹುಡುಗ ಹುಡುಗಿಯರನ್ನು ಕಂಪನಿಯ ವಾಹನ ಹೀರಾನಂದಾನಿ ಬಡಾವಣೆಯ ಗೇಟಿನಲ್ಲಿ ಇಳಿಸುವುದು ನಸುಕಿನ ಹೊತ್ತಿಗೆ. ಅದೇ ಕಟ್ಟಡದ ಇನ್ನೊಂದು ಮಾಳಿಗೆಯಲ್ಲಿ ಆಗ ಯಾರದೋ ಅಲಾರಂ ಹೊಡೆಯುತ್ತಿರುತ್ತದೆ. ಐದಕ್ಕೆ ಏಳದವನು ಉದ್ಧಾರವಾಗಲಾರ ಎಂಬ ಭಾಷಣವನ್ನು ಆ ಇಬ್ಬರೂ ಕೇಳಿರುತ್ತಾರೆ. ಐದೂವರೆಗೆ ಹಾಸಿಗೆ ಸೇರುವ ಹುಡುಗ ಅದರಿಂದ ಪಡೆಯುವುದು ತಪ್ಪಿತಸ್ಥ ಭಾವನೆಯನ್ನು ಮಾತ್ರ. ಅಮೆರಿಕದ ನಿದ್ರಾತಜ್ಞರ ಎರಡು ಸಂಸ್ಥೆಗಳು 2015ರಲ್ಲಿ ಜೊತೆಯಾಗಿ ಹೇಳಿದ್ದು ದೊಡ್ಡವರಿಗೆ ದಿನಕ್ಕೆ ಏಳು ಗಂಟೆಯಾದರೂ ನಿದ್ದೆ ಬೇಕೆಂದು. ಅಂಥ ಹುಡುಗರಿಗೆ ನಾನು ದಪ್ಪ ಪರದೆ ಹಾಕಿ ಮಲಗು, ಮಧ್ಯಾಹ್ನ ಒಂದರವರೆಗೆ ಫೋನ್ ಬೇರೆ ಕೋಣೆಯಲ್ಲಿರಲಿ, ಅಮ್ಮ ಊರಿನಿಂದ ಫೋನ್ ಮಾಡುವ ಹೊತ್ತನ್ನೂ ಬದಲಾಯಿಸಿಕೋ ಎಂದು ಹೇಳುತ್ತೇನೆ.

ಈ ಪರಿಸರವೇ ಮನುಷ್ಯರನ್ನು ಮೇಲಕ್ಕೆತ್ತಲು ಕಟ್ಟಿದ ಸಂಸ್ಥೆಗಳ ಪರಿಸರ. 1958ರಲ್ಲಿ ಶುರುವಾದ ಐಐಟಿ ಪವಾಯಿ ಕೆರೆಯ ದಂಡೆಯಲ್ಲಿದೆ. ಈಗ ಐಐಎಂ ಎಂಬ ಹೆಸರು ಪಡೆದಿರುವ ನೀಟೀ 1963ರದು. ಅದೇ ವರ್ಷ ಸ್ವಾಮಿ ಚಿನ್ಮಯಾನಂದರು ಸಾಕಿ ವಿಹಾರ ರಸ್ತೆಯ ಬದಿಯಲ್ಲಿ ಸಾಂದೀಪನಿ ಸಾಧನಾಲಯವನ್ನು ತೆರೆದರು. ಸಾಂದೀಪನಿಯಲ್ಲಿ ವೇದಾಂತ ಓದಲು ಬಂದವರು ಆಚಾರ್ಯರ ಜೊತೆಯಲ್ಲೇ ವಾಸ ಮಾಡುತ್ತಾರೆ. ಊಟ, ನಿದ್ದೆ, ಪಾಠ, ಸೇವೆ ಎಲ್ಲಕ್ಕೂ ಹೊತ್ತು ಗೊತ್ತಾಗಿರುತ್ತದೆ. ಶಿಷ್ಯ ಬಾಡಿದರೆ ಗುರುವಿನ ಕಣ್ಣಿಗೆ ಬೀಳುತ್ತದೆ. ಗೊರಾಯಿಯಲ್ಲಿ 2009ರಲ್ಲಿ ಉದ್ಘಾಟನೆಯಾದ ವಿಪಶ್ಯನಾ ಪಗೋಡವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ವಿಪಶ್ಯನಾ ಧ್ಯಾನ ಕಲಿಸಿದ ಗೋಯೆಂಕಾ ಅವರ ಪರಂಪರೆಯ ಹತ್ತು ದಿನಗಳ ಶಿಬಿರಕ್ಕೆ ಅರ್ಜಿ ಹಾಕಿದರೆ, ಮನಸ್ಸಿನ ಕಾಯಿಲೆ ಇದೆಯೇ, ಯಾವ ಔಷಧ ತೆಗೆದುಕೊಳ್ಳುತ್ತೀರಿ ಎಂದು ಅರ್ಜಿಯಲ್ಲೇ ಕೇಳುತ್ತಾರೆ. ಹಣ ಕೇಳುವುದಿಲ್ಲ, ಶಿಬಿರ ಮುಗಿಸಿದವರಿಂದ ಮಾತ್ರ ದಾನ ಪಡೆಯುತ್ತಾರೆ. ಮೊದಲು ನಿಮ್ಮ ಸ್ಥಿತಿ ವಿಚಾರಿಸಬೇಕು, ಆಮೇಲೆ ಸಾಧನೆ ಹೇಳಿಕೊಡಬೇಕು, ಅದಕ್ಕೆ ನಿಮ್ಮ ಜೇಬು ಆಧಾರವಾಗಬಾರದು. ನಾನು ಸಲಹೆಯಲ್ಲಿ ಹುಡುಕುವ ಮೂರು ಗುಣಗಳೂ ಆ ಒಂದು ಅರ್ಜಿಯಲ್ಲಿವೆ. ಅಂಗೈಯಗಲದ ಪರದೆಯಲ್ಲಿ ಮಾತಾಡುವ ಮನುಷ್ಯನಿಗೆ ನಿಮ್ಮ ಮುಖ ಕಾಣುವುದಿಲ್ಲ. ಅವನು ಒಳ್ಳೆಯವನೇ ಆಗಿದ್ದರೂ ಕಾಣುವುದಿಲ್ಲ.

ಅಂಕಿಸಂಖ್ಯೆ ಹೇಳುವ ಸಲಹೆಗಳ ಮುಂದೆ ನಾವು ಬೇಗ ತಲೆಬಾಗುತ್ತೇವೆ, ಅದಕ್ಕೆ ಅವುಗಳ ಹುಟ್ಟನ್ನು ಸ್ವಲ್ಪ ನೋಡೋಣ. ಇಪ್ಪತ್ತೊಂದು ದಿನ ಬಿಡದೆ ಮಾಡಿದರೆ ಅಭ್ಯಾಸ ಕೂಡುತ್ತದೆ ಎನ್ನುತ್ತಾರೆ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಒಂದು ಪುಸ್ತಕ ಬರೆದರು. ಶಸ್ತ್ರಚಿಕಿತ್ಸೆಯಾದವರಿಗೆ ತಮ್ಮ ಹೊಸ ಮುಖ ಒಗ್ಗಲು ಕಡಿಮೆಯೆಂದರೂ ಇಪ್ಪತ್ತೊಂದು ದಿನ ಬೇಕಾಗುತ್ತದೆ ಎಂದು ತಾವು ಕಂಡದ್ದನ್ನು ಅದರಲ್ಲಿ ಹೇಳಿದ್ದರು. 'ಕಡಿಮೆಯೆಂದರೂ' ಎಂಬುದು ಬಾಯಿಂದ ಬಾಯಿಗೆ ಹೋಗುವಾಗ ಬಿದ್ದುಹೋಯಿತು, ಮುಖದ ಸಂಗತಿ ಅಭ್ಯಾಸದ ಸಂಗತಿಯಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 96 ಮಂದಿ ಇದ್ದರು. ಅಭ್ಯಾಸ ಕೂಡಲು ಸರಾಸರಿ 66 ದಿನ ಹಿಡಿಯಿತು. ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕಾಗುವ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಆಗುವುದಿಲ್ಲ ಎಂಬುದೂ ಅದರಲ್ಲೇ ಗೊತ್ತಾಯಿತು. ಕೆಂಪು ಪೆನ್ನಿನ ಡೈರಿಯವರಿಗೆ ನಾನು ಇದನ್ನು ಹೇಳಿದಾಗ ಅವರು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು.

ಹತ್ತು ಸಾವಿರ ಹೆಜ್ಜೆಯದೂ ಹೀಗೆ. ಪವಾಯಿ ಕೆರೆಯ ಬದಿಯಲ್ಲಿ ಬೆಳಿಗ್ಗೆ ನಡೆಯುವವರಲ್ಲಿ ಮಣಿಕಟ್ಟನ್ನು ಮತ್ತೆಮತ್ತೆ ನೋಡಿಕೊಳ್ಳುವವರು ಅನೇಕರು. ಆ ಸಂಖ್ಯೆ 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ ಬಂದದ್ದು. 2019ರಲ್ಲಿ ಅಮೆರಿಕದ ಹದಿನಾರು ಸಾವಿರಕ್ಕೂ ಹೆಚ್ಚು ವಯಸ್ಸಾದ ಹೆಂಗಸರನ್ನು ಗಮನಿಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಿಗೂ 2,700 ನಡೆದವರಿಗಿಂತ ಸಾವಿನ ಅಪಾಯ ಸ್ಪಷ್ಟವಾಗಿ ಕಡಿಮೆಯಿತ್ತು. 7,500ರ ಆಚೆಗೆ ಅದು ಇನ್ನಷ್ಟು ಇಳಿಯಲಿಲ್ಲ. ಮಂಡಿನೋವಿನ ಅಜ್ಜಿ ಹತ್ತು ಸಾವಿರ ಆಗಲಿಲ್ಲವೆಂದು ನಡೆಯುವುದನ್ನೇ ಬಿಟ್ಟರೆ ನಷ್ಟ ಯಾರಿಗೆ? ಮೂರು ಸಾವಿರ ನಡೆಯುವವರು ನಾಲ್ಕೂವರೆ ನಡೆಯಲಿ, ಸಾಕು. ಎಂಟು ಲೋಟ ನೀರಿನ ಕತೆಗೂ ಬೇರು 1945ರ ಅಮೆರಿಕದ ಒಂದು ಶಿಫಾರಸಿನಲ್ಲಿದೆ. ಆ ನೀರಿನ ಹೆಚ್ಚಿನ ಪಾಲು ನಾವು ತಿನ್ನುವ ಆಹಾರದಲ್ಲೇ ಇರುತ್ತದೆ ಎಂಬ ಮುಂದಿನ ವಾಕ್ಯವನ್ನು ಓದಿದವರು ಕಡಿಮೆ.

ಇಂಥ ಸಲಹೆಗಳಿಗೆ ಕಡಿವಾಣ ಹಾಕಲು ಕಾನೂನು ಇದೆ ಎಂಬುದನ್ನೂ ಹೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮುಂತಾದವನ್ನು ಪೂರ್ತಿ ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯಿದೆ ನಿಷೇಧಿಸಿದೆ. ಆರೋಗ್ಯದ ಬಗ್ಗೆ ಹಣ ಪಡೆದು ಪ್ರಚಾರ ಮಾಡುವವರು ತಮ್ಮ ವಿದ್ಯಾರ್ಹತೆ ತೋರಿಸಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2023ರಲ್ಲಿ ನಿಯಮ ಮಾಡಿದೆ. ಆದರೂ ಇನ್ಸುಲಿನ್ ಬಿಟ್ಟು ಕಷಾಯ ಹಿಡಿದವರನ್ನು ನಾನು ನೋಡುತ್ತಲೇ ಇದ್ದೇನೆ. ದಯವಿಟ್ಟು, ನಡೆಯುತ್ತಿರುವ ಔಷಧವನ್ನು ನಿಲ್ಲಿಸಲು ಹೇಳುವ ಸಲಹೆಯನ್ನು ನಿಮ್ಮ ವೈದ್ಯರ ಬಾಯಿಂದ ಕೇಳುವವರೆಗೆ ಒಪ್ಪಬೇಡಿ.

ಮುಂಬಯಿ ಕನ್ನಡಿಗರಿಗೆ ತಮ್ಮನ್ನು ತಾವು ಮೇಲೆತ್ತಿಕೊಳ್ಳುವುದು ಏನೆಂದು ಬೇರೆಯವರು ಕಲಿಸಬೇಕಿಲ್ಲ. ದಕ್ಷಿಣ ಕನ್ನಡ, ಉಡುಪಿಯ ಕಡೆಯ ಹುಡುಗರು ಹಡಗು ಹತ್ತಿ ಇಲ್ಲಿಗೆ ಬಂದು, ಹಗಲಿಡೀ ಹೋಟೆಲು ಕ್ಯಾಂಟೀನುಗಳಲ್ಲಿ ಲೋಟ ತೊಳೆದು, ಸಂಜೆ ರಾತ್ರಿ ಶಾಲೆಗೆ ಓಡಿ ಮೆಟ್ರಿಕ್ ಪಾಸು ಮಾಡಿದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ನಡೆಸಿದ ರಾತ್ರಿ ಶಾಲೆಗಳಿಂದ ಹೊರಬಂದವರು ಬ್ಯಾಂಕು ಸೇರಿದರು, ವಕೀಲರಾದರು, ಸ್ವಂತ ಹೋಟೆಲು ತೆರೆದರು, ಕನ್ನಡದಲ್ಲಿ ಬರೆದರು. ಈ ಕತೆಯನ್ನು ಛಲದ ಕತೆಯೆಂದು ನಾವು ವೇದಿಕೆಗಳಲ್ಲಿ ಹೇಳಿಕೊಂಡು ಬಂದಿದ್ದೇವೆ. ಛಲ ಇತ್ತು, ನಿಜ. ಆದರೆ ಆ ಹುಡುಗನಿಗೆ ಎರಡು ಹೊತ್ತಿನ ಊಟ ಹೋಟೆಲಿನಲ್ಲೇ ಸಿಗುತ್ತಿತ್ತು. ಸಂಜೆ ಗಲ್ಲೆಯಲ್ಲಿ ಕುಳಿತ ಮಾಲೀಕ 'ಹೋಗು ಮಾರಾಯ, ಶಾಲೆಗೆ ಹೊತ್ತಾಯಿತು' ಎಂದು ಬಿಡುತ್ತಿದ್ದ. ಅವನ ಪಾಲಿನ ಮೇಜು ಒರೆಸಲು ಜೊತೆಯ ಹುಡುಗ ಒಪ್ಪಿಕೊಳ್ಳುತ್ತಿದ್ದ. ಶಾಲೆಗೆ ಶುಲ್ಕವಿರಲಿಲ್ಲ. ಬಿಡದ ಮಾಲೀಕರೂ ಇದ್ದರು, ಅವರ ಹೋಟೆಲಿನ ಹುಡುಗರು ಅಷ್ಟೇ ಛಲವಿದ್ದೂ ಓದಲಿಲ್ಲ. ಅವರ ಹೆಸರು ನಮ್ಮ ಸ್ಮರಣ ಸಂಚಿಕೆಗಳಲ್ಲಿ ಇಲ್ಲ. ಒಬ್ಬ ಮನುಷ್ಯ ಮೇಲೆ ಬರಲು ಅವನ ಊಟ, ನಿದ್ದೆ, ಬಿಡುವುಗಳನ್ನು ಯಾರಾದರೂ ಕಾಯ್ದಿರಬೇಕು. ಇಂದಿನ ಉಪದೇಶಕರು ಅದನ್ನು ಮರೆತು, ಎಲ್ಲವೂ ನಿನ್ನ ಕೈಯಲ್ಲೇ ಇದೆ, ಆಗಲಿಲ್ಲವೆಂದರೆ ತಪ್ಪು ನಿನ್ನದೇ ಎನ್ನುತ್ತಾರೆ. ಇದನ್ನು ನಾನು ಕ್ರೂರ ಮಾತೆಂದೇ ಕರೆಯುತ್ತೇನೆ.

ಕನ್ನಡದಲ್ಲಿ ಒಳ್ಳೆಯ ಸಲಹೆಗಾರರ ಪರಂಪರೆ ಇದೆ. 'ಕೊರವಂಜಿ'ಯ ರಾಶಿ ಎಂದು ನಗಿಸಿದ ಡಾ. ಎಂ. ಶಿವರಾಂ ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸ್ವಾಮಿ ಜಗದಾತ್ಮಾನಂದರ 'ಬದುಕಲು ಕಲಿಯಿರಿ' ಎಷ್ಟೋ ಮನೆಗಳ ಕಪಾಟಿನಲ್ಲಿದೆ. ನಿಮ್ಹಾನ್ಸ್‌ನಲ್ಲಿ ಕೆಲಸ ಮಾಡಿದ ಡಾ. ಸಿ.ಆರ್. ಚಂದ್ರಶೇಖರ್ ನೂರಾರು ಚಿಕ್ಕ ಪುಸ್ತಕಗಳಲ್ಲಿ ಖಿನ್ನತೆ, ಭಯ, ಪರೀಕ್ಷೆಯ ಆತಂಕಗಳನ್ನು ತಿಳಿಗನ್ನಡದಲ್ಲಿ ವಿವರಿಸಿದರು. ಡಾ. ಅನುಪಮಾ ನಿರಂಜನ ಅವರನ್ನು ನಾನು ಇವರೆಲ್ಲರಿಗಿಂತ ಒಂದು ಕೈ ಹೆಚ್ಚಾಗಿ ನೆನೆಯುತ್ತೇನೆ. 'ತಾಯಿ ಮಗು', 'ಸ್ತ್ರೀ ಸ್ವಾಸ್ಥ್ಯ ಸಂಹಿತೆ', 'ಕೇಳು ಕಿಶೋರಿ' ಎಂದು ಹೆಣ್ಣಿನ ಒಂದೊಂದು ವಯಸ್ಸನ್ನೂ ಎದುರಿಗೆ ಕೂರಿಸಿಕೊಂಡು ಅವರು ಬರೆದರು. ಸ್ವತಃ ಕ್ಯಾನ್ಸರಿನೊಡನೆ ಬದುಕಿ 1991ರಲ್ಲಿ ತೀರಿಕೊಂಡರು. ಯಾರಿಗಾಗಿ ಬರೆಯುತ್ತಿದ್ದೇನೆ ಎಂಬುದನ್ನು ಅವರು ಒಂದು ಪುಟದಲ್ಲೂ ಮರೆತಂತೆ ಕಾಣುವುದಿಲ್ಲ.

ತನ್ನನ್ನು ಮೊದಲು ನೋಡಿಕೊಳ್ಳುವುದು ಸ್ವಾರ್ಥವಲ್ಲವೇ ಎಂದು ನಮ್ಮ ಹೆಂಗಸರು ಕೇಳುತ್ತಾರೆ. ಅವರಿಗೆ ನನ್ನ ಉತ್ತರ ಒಂದು ಹಳೆಯ ಕಾವ್ಯದಲ್ಲಿದೆ. ಕುಮಾರಸಂಭವದ ಐದನೆಯ ಸರ್ಗದಲ್ಲಿ ಪಾರ್ವತಿ ಎಲೆಯನ್ನೂ ತಿನ್ನದೆ ತಪಸ್ಸಿಗೆ ಕುಳಿತಿದ್ದಾಳೆ. ಶಿವ ಬ್ರಹ್ಮಚಾರಿಯ ವೇಷದಲ್ಲಿ ಬಂದು, ಸ್ನಾನಕ್ಕೆ ನೀರು ಸರಿಯಾಗಿದೆಯೇ, ನಿನ್ನ ಶಕ್ತಿಗೆ ತಕ್ಕಷ್ಟೇ ತಪಸ್ಸು ಮಾಡುತ್ತಿದ್ದೀಯಾ ಎಂದು ಮೊದಲು ವಿಚಾರಿಸುತ್ತಾನೆ. ಧರ್ಮಕ್ಕೂ ಶರೀರವೇ ಮೊದಲ ಸಾಧನ ಎಂದು ನೆನಪಿಸುತ್ತಾನೆ. ಯಾರಿಗಾಗಿ ಆ ತಪಸ್ಸು ನಡೆದಿತ್ತೋ ಅವನೇ ಹೀಗೆ ಕೇಳಿದ ಎಂಬುದನ್ನು ಗಮನಿಸಿ. ಅಮ್ಮ ಬಿದ್ದರೆ ಮನೆಯೇ ಬೀಳುತ್ತದೆ, ಅದಕ್ಕಾಗಿ ಅಮ್ಮ ಚೆನ್ನಾಗಿರಬೇಕು ಎಂದು ಗಂಡಂದಿರು ನನ್ನ ದವಾಖಾನೆಯಲ್ಲಿ ಹೇಳುತ್ತಾರೆ. ಆ ಮಾತಿಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ಮನೆಗೆ ಉಪಯೋಗವಾಗಲಿ ಎಂದಷ್ಟೇ ಅವಳು ಆರೋಗ್ಯವಾಗಿರಬೇಕೆ? ನಾಳೆಯಿಂದ ಅವಳು ಯಾರಿಗೂ ಏನೂ ಮಾಡಿಕೊಡದಿದ್ದರೂ ಬಿಸಿ ಊಟಕ್ಕೂ ಏಳು ಗಂಟೆಯ ನಿದ್ದೆಗೂ ಅವಳಿಗೆ ಹಕ್ಕಿದೆ.

ಆರೈಕೆ ಎಂದರೆ ದುಡ್ಡು ಸುರಿಯುವ ಕೆಲಸವೂ ಅಲ್ಲ. ಡೈರಿಯವರಿಗೆ ನಾನು ಹೇಳಿದ್ದು ಇಷ್ಟೇ. ಆರು ತಿಂಗಳು ಉಪವಾಸ ಬೇಡ, ಐದರ ಅಲಾರಂ ಬೇಡ. ಕಬ್ಬಿಣದ ಮಾತ್ರೆಯನ್ನು ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಳ್ಳಿ, ಚಹಾ ಆಮೇಲೆ ಒಂದೆರಡು ಗಂಟೆ ಬಿಟ್ಟು. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿದೆಯೇ ಎಂದು ಸ್ತ್ರೀರೋಗ ತಜ್ಞರಿಗೆ ತೋರಿಸಿ. ಅತ್ತೆಯವರ ರಾತ್ರಿಯ ಮಾತ್ರೆ ಗಂಡನ ಜವಾಬ್ದಾರಿ, ಪಾತ್ರೆ ಮಗನದು. ಗಂಡನನ್ನೂ ಮುಂದಿನ ಸಲ ಕರೆಸಿ ಇದನ್ನೇ ಹೇಳಿದೆ. ಅವರು ತಲೆಯಾಡಿಸಿದ್ದಷ್ಟೇ ಅಲ್ಲ, ಮಾಡಿದರು. ಹಿಮೋಗ್ಲೋಬಿನ್ ಹನ್ನೊಂದು ದಾಟಿದ ಮೇಲೆ ಆ ಹೆಣ್ಣುಮಗಳು ಮತ್ತೆ ಓದಲು ಶುರುಮಾಡಿದರು. ಹತ್ತು ಪುಟದ ಲೆಕ್ಕವಿಲ್ಲ, ತ್ರಿವೇಣಿಯವರ ಕಾದಂಬರಿಗಳು.

ರಕ್ತ ಸರಿಯಿದ್ದೂ, ನಿದ್ದೆಗೆ ಹೊತ್ತಿದ್ದೂ, ಎರಡು ವಾರಕ್ಕೆ ಮೀರಿ ಯಾವುದರಲ್ಲೂ ಮನಸ್ಸಿಲ್ಲ, ಬದುಕು ಸಾಕೆನಿಸುತ್ತಿದೆ ಎಂದಾದರೆ ಅದು ಪುಸ್ತಕ ಓದಿ ಸರಿಮಾಡಿಕೊಳ್ಳುವ ವಿಷಯವಲ್ಲ, ಚಿಕಿತ್ಸೆ ಬೇಕು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ದಿನದ ಯಾವ ಹೊತ್ತಿನಲ್ಲಾದರೂ ಮಾಡಬಹುದು, ಹಣವಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಈ ಸಂಖ್ಯೆಯನ್ನು ನಿಮ್ಮ ಕಟ್ಟಡದ ಸೂಚನಾಫಲಕದಲ್ಲಿ, ನೀರಿನ ಬಿಲ್ಲಿನ ಪಕ್ಕದಲ್ಲಿ ಹಚ್ಚಿ. ಐಐಟಿ ಹಾಸ್ಟೆಲಿನಲ್ಲಿ ಊರಿನ ಮಗು ಇದ್ದರೆ ಅಂಕ ಕೇಳುವ ಮೊದಲು ಊಟವಾಯಿತೇ, ಯಾರ ಜೊತೆ ಊಟ ಮಾಡಿದೆ ಎಂದು ಕೇಳಿ.

ಸಂಘದ ಕಾರ್ಯಕಾರಿ ಸಮಿತಿಗೆ ನನ್ನ ಎರಡು ಬೇಡಿಕೆಗಳಿವೆ. ಈ ದತ್ತಿಯ ಬಡ್ಡಿಯಲ್ಲಿ ನನಗೆ ಕೊಡಬೇಕೆಂದಿರುವ ಸಂಭಾವನೆಯನ್ನು ತೆಗೆದಿಟ್ಟು, ಮುಂದಿನ ಯಾವುದಾದರೂ ಭಾನುವಾರ ಇದೇ ಸಭಾಗೃಹದಲ್ಲಿ ಸದಸ್ಯೆಯರ ಹಿಮೋಗ್ಲೋಬಿನ್ ಮತ್ತು ರಕ್ತದೊತ್ತಡ ಪರೀಕ್ಷೆ ಮಾಡಿಸಿ; ನಾನು ಬಂದು ಕೂರುತ್ತೇನೆ. ಇನ್ನೊಂದು, ಇವತ್ತಿನದೇ. ಒಳಗೆ ಬೆಳಿಗ್ಗೆಯಿಂದ ಅಡುಗೆ ಮಾಡಿದ ಅಕ್ಕಂದಿರು ಭಾಷಣ ಕೇಳಲು ಬಾಗಿಲ ಬಳಿ ನಿಂತಿದ್ದಾರೆ. ಮೊದಲ ಪಂಕ್ತಿಯಲ್ಲಿ ಅವರು ಕುಳಿತುಕೊಳ್ಳಲಿ. ಬಡಿಸುವುದಕ್ಕೆ ಅಧ್ಯಕ್ಷರೂ ನಾನೂ ಇದ್ದೇವೆ.